ಕನ್ನಡಿ ತಿರುಗಿಸಿದವಳು

ಮಂಗಳ ಗ್ರಹದ ಹೊಸಮಸ್ಕಿ ಕಣಿವೆಯವರಿಗೆ ಎರಡು ಸೂರ್ಯ. ಒಂದು ಎಲ್ಲರಿಗೂ ಇರುವಂಥದ್ದು. ಅಷ್ಟು ದೂರದಿಂದ ಅದು ಬಡಕಲಾಗಿ ಕಾಣುತ್ತಿತ್ತು. ಮೂಡಿದರೂ ಮುಳುಗಿದರೂ ಯಾರ ಕೈಕಾಲೂ ಬೆಚ್ಚಗಾಗುತ್ತಿರಲಿಲ್ಲ. ಇನ್ನೊಂದು, ಕನ್ನಡಿ. ಕಣಿವೆಯ ನೆತ್ತಿಯ ಮೇಲೆ ಬಹಳ ಎತ್ತರದಲ್ಲಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಬೆಳ್ಳಿಹಾಳೆಗಳನ್ನು ಸಾವಿರಗಟ್ಟಲೆ ಹರಡಿ ನಿಲ್ಲಿಸಿದ್ದರು. ಒಂದೊಂದು ಹಾಳೆಗೂ ಒಂದೊಂದು ಪುಟ್ಟ ಮೋಟಾರು. ಎಲ್ಲವೂ ಒಟ್ಟಿಗೆ ಕಣಿವೆಯ ಕಡೆ ಮುಖ ಮಾಡಿದಾಗ ಬಂಡೆಯಡಿಯ ಹಿಮ ಕರಗುತ್ತಿತ್ತು, ಗಾಜಿನ ಮನೆಗಳಲ್ಲಿ ಜೋಳ ತೆನೆಗಟ್ಟುತ್ತಿತ್ತು, ಸುರಂಗದ ಮನೆಗಳ ಗೋಡೆ ಬೆಚ್ಚಗಿರುತ್ತಿತ್ತು. ಮುಖ ತಿರುಗಿಸಿದರೆ ಕೆಲವೇ ದಿನಗಳಲ್ಲಿ ಕೊಳವೆಯೊಳಗಿನ ನೀರು ಕಲ್ಲಾಗುತ್ತಿತ್ತು.

ಆ ಕನ್ನಡಿಯನ್ನು ತಿರುಗಿಸುವ ಕೆಲಸ ಸಾವಂತ್ರಿಯದು. ಕಣಿವೆಯಲ್ಲಿ ಹುಟ್ಟಿದವರಲ್ಲಿ ಆ ಕೆಲಸ ಸಿಕ್ಕಿದ್ದು ಅವಳೊಬ್ಬಳಿಗೇ. ಅವಳ ಜೊತೆ ಆ ಕೆಲಸದಲ್ಲಿದ್ದ ಮೂವರೂ ಭೂಮಿಯಿಂದ ಬಂದವರು. ಅವರ ಮುಖ್ಯಸ್ಥ ಅನ್ಸೆಲ್ಮ್, ಐವತ್ತು ದಾಟಿದ ಎಂಜಿನಿಯರ್, ಅವಳಿಗೆ ಕೆಲಸ ಕಲಿಸಿದವನು. ಕಣಿವೆಯವರ ಜೊತೆ ಮಾತಾಡಬೇಕೆಂದು ಕನ್ನಡವನ್ನೂ ಕಲಿತಿದ್ದ. ಕಲಿತದ್ದು ಪುಸ್ತಕದಿಂದ; ಅವನು ಮಾತಾಡಿದರೆ ಯಾರೋ ಪಾಠ ಓದಿದ ಹಾಗಿರುತ್ತಿತ್ತು. ಸಾವಂತ್ರಿ ಕೆಲವು ತಿಂಗಳು ಮೇಲೆ ಕನ್ನಡಿಯ ಕೋಣೆಯಲ್ಲಿರುತ್ತಿದ್ದಳು, ಕೆಲವು ತಿಂಗಳು ಕೆಳಗೆ. ಮೇಲೆ ತೂಕವಿಲ್ಲ. ತೂಕವಿಲ್ಲದ ಕಡೆ ಬಹಳ ದಿನ ಇದ್ದರೆ ಎಲುಬು ಸವೆಯುತ್ತದೆ, ಹೃದಯ ಸೋಮಾರಿಯಾಗುತ್ತದೆ. ಅದಕ್ಕೇ ಈ ಪಾಳಿ.

ಅವಳ ಮುತ್ತಜ್ಜನ ಕಾಲಕ್ಕೆ ರಾಯಚೂರು ಸೀಮೆಯ ಗಣಿ ಜನರನ್ನು ಭೂಮಂಡಳಿ ಇಲ್ಲಿಗೆ ಕರೆತಂದಿತ್ತು. ಭೂಮಿಯ ದೊಡ್ಡ ದೇಶಗಳು ಸೇರಿ ಕಟ್ಟಿಕೊಂಡ ಆಡಳಿತ ಅದು. ಇವರು ಹಿಮ ಅಗೆದು ಕೊಡಬೇಕು. ಆ ನೀರನ್ನು ಒಡೆದು ಮಾಡಿದ ಇಂಧನದಿಂದ ಗುರು, ಶನಿಗಳ ಕಡೆಗೆ ನೌಕೆಗಳು ಓಡುತ್ತಿದ್ದವು. ಬದಲಿಗೆ ಬೆಳಕು, ಬೀಜ, ಔಷಧ. ಮೊದಮೊದಲು ಯಾರಿಗೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಮೂರನೆಯ ತಲೆಮಾರಿಗೆ. ನಾವು ಹುಟ್ಟಿದ ನೆಲದ ಹಿಮವನ್ನು ನಾವೇ ಕುಡಿಯಬೇಕಾದರೆ ಯಾಕೆ ಕೇಳಬೇಕು ಎಂದು ಜನ ಮಾತಾಡತೊಡಗಿದರು. ಬಿತ್ತಿದ ಜೋಳ ಮತ್ತೆ ಮೊಳೆಯದಂತೆ ಭೂಮಿಯಲ್ಲೇ ಏನೋ ಮಾಡಿ ಕಳಿಸುತ್ತಿದ್ದರು. ಪ್ರತಿ ಸುಗ್ಗಿಗೂ ಹೊಸ ಬೀಜಕ್ಕೆ ಬಾಯಿಬಿಟ್ಟು ಕಾಯಬೇಕು. ಸಾವಂತ್ರಿಯ ಅಪ್ಪ ಚನ್ನಮಲ್ಲಪ್ಪ ಹತ್ತಾರು ವರ್ಷ ಒದ್ದಾಡಿ ಮೊಳೆಯುವ ಜೋಳವೊಂದನ್ನು ಬೆಳೆಸಿದ. ಮಂಡಳಿಯ ಕಾವಲಿನವರು ಬಂದು ಮಡಿಗಳಿಗೆ ಬಿಸಿ ಉಗಿ ಬಿಟ್ಟು ಹೋದರು.

ಆ ಸಲ ಸಾವಂತ್ರಿ ಕೆಳಗಿದ್ದಳು. ಅಪ್ಪ ಸಿಟ್ಟು ಮಾಡಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, "ನಮ್ಮೋರು ಒಬ್ಬರು ಮಂಡಳಿಯೊಳಗ ಇದ್ದಿದ್ರ ಹಿಂಗ ಆಗ್ತಿರಲಿಲ್ಲ. ಒಬ್ಬರಿಗೆ ಜಾಗ ಕೊಡ್ರಿ ಅಂತ ಕೇಳೋಣು," ಎಂದ.

"ಕೊಡ್ತಾರೇನು?" ಎಂದ ತಮ್ಮ ಫಕೀರೇಶ. ಹಿಮದ ಗಣಿಯಲ್ಲಿ ಕೊರೆಯುವವನು ಅವನು. ಮಾತು ಕಡಿಮೆ.

"ಕೇಳಿದ್ರ ಕೊಡ್ತಾರ. ಅವರೂ ಮನುಷ್ಯಾರಽ ಅಲ್ಲೇನು."

ಊರೆಲ್ಲ ಸೇರಿ ಕೇಳಿತು. ಬಹಳ ಕಾಲದ ಮೇಲೆ ಉತ್ತರ ಬಂತು. ಹೊಸಮಸ್ಕಿ ಎಂಬುದು ಊರಲ್ಲ, ಕಾಮಗಾರಿ ನಡೆಯುವ ಜಾಗ. ಅಲ್ಲಿರುವವರು ನಿವಾಸಿಗಳಲ್ಲ, ಕೆಲಸಗಾರರು ಮತ್ತು ಅವರ ಅವಲಂಬಿತರು. ಹಾಗಾಗಿ ಪ್ರತಿನಿಧಿಯ ಪ್ರಶ್ನೆಯೇ ಏಳುವುದಿಲ್ಲ. ಚಾವಡಿಯಲ್ಲಿ ಅದನ್ನು ಧ್ವನಿವರ್ಧಕ ಹೇಳಿ ಮುಗಿಸಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ನಾಲ್ಕು ತಲೆಮಾರಿನವರು ಕೂತಿದ್ದರು ಅಲ್ಲಿ. ಚನ್ನಮಲ್ಲಪ್ಪ ತನ್ನ ಪಕ್ಕದಲ್ಲಿದ್ದ ಮುದುಕಿಯನ್ನು ನೋಡಿ, "ಹಂಗಾದ್ರ ನಾವು ಹುಟ್ಟಿದ್ದೆಲ್ಲಿ?" ಎಂದು ಮೆಲ್ಲಗೆ ಕೇಳಿದ. ಮಾರನೆಯ ದಿನದಿಂದ ಹಿಮ ಅಗೆಯುವುದನ್ನು ನಿಲ್ಲಿಸಿದರು.

ಅಷ್ಟರಲ್ಲಿ ಸಾವಂತ್ರಿಯ ಪಾಳಿ ಬಂದು ಅವಳು ಮೇಲೆ ಹೋಗಿದ್ದಳು. ಹಿಮ ನಿಂತು ನೌಕೆಗಳು ಸಾಲುಗಟ್ಟಿದ ಮೇಲೆ ಮಂಡಳಿಯ ಆಜ್ಞೆ ಬಂತು: ಕೆಲಸ ಶುರುವಾಗುವವರೆಗೆ ಬೆಳಕು ಅರ್ಧಕ್ಕೆ ಇಳಿಸಿ. ಅನ್ಸೆಲ್ಮ್ ಭೂಮಿಯ ಜೊತೆ ವಾದ ಮಾಡಿದ. ಮಾತು ಹೋಗಿ ಮಾತು ಬರುವಷ್ಟರಲ್ಲಿ ಊಟವೊಂದು ಮುಗಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಅಷ್ಟು ದೂರದ ಜೊತೆ ಜಗಳವಾಡುವುದು ಕಷ್ಟ. ಕೊನೆಗೆ ಅವನು ಅವಳ ಕಡೆ ತಿರುಗಿ, "ಕೆಲವೇ ದಿನಗಳ ಮಾತು. ಇಬ್ಬರಲ್ಲಿ ಒಬ್ಬರು ಸೋಲುತ್ತಾರೆ. ಅರ್ಧ ಬೆಳಕಿನಲ್ಲಿ ಯಾರೂ ಸಾಯುವುದಿಲ್ಲ," ಎಂದ.

ಅವಳೇ ಹಿಡಿ ತಿರುಗಿಸಿದಳು. ತಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಮಾಡಿದರೆ ಗಾಜಿನ ಮನೆಗಳ ಮೇಲಾದರೂ ಬೆಳಕು ಉಳಿಸಬಹುದು ಎಂದುಕೊಂಡಳು. ಉಳಿಸಿದಳು ಕೂಡ. ತಣ್ಣಗಾದದ್ದು ಕೆಳಗಿನ ಸುರಂಗಗಳು. ಅಲ್ಲಿ ಇದ್ದವರು ವಯಸ್ಸಾದವರು. ಅಪ್ಪನ ಎದೆಯಲ್ಲಿ ಕಫ ಕಟ್ಟಿತು. ಅವಳಿಗೆ ಸುದ್ದಿ ಬರುವಷ್ಟರಲ್ಲಿ ಅವನು ಹೋಗಿದ್ದ. ಅವನ ಹಿಂದೆಯೇ ಇನ್ನೂ ಕೆಲವರು.

ಅವಳು ಇಳಿದು ಬಂದಾಗ ಅಂಗಳದಲ್ಲಿ ಜನ ಇದ್ದರು. ಅವಳು ಹೋಗಿ ಕೂತ ಕಡೆ ಅಕ್ಕಪಕ್ಕದವರು ಎದ್ದು ಬೇರೆ ಕಡೆ ಕೂತರು. ಯಾರೂ ಬಯ್ಯಲಿಲ್ಲ. ತಮ್ಮನ ಹೆಂಡತಿ ಹುಲಿಗೆವ್ವ ಮಾತ್ರ ತಟ್ಟೆಯಲ್ಲಿ ರೊಟ್ಟಿ ತಂದು ಮುಂದಿಟ್ಟು, "ತಿನ್ನು, ಅಷ್ಟು ದೂರದಿಂದ ಬಂದೀ," ಎಂದಳು.

ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಫಕೀರೇಶ ಅವಳನ್ನು ಗಣಿಯ ಬಾಯಿಯ ಹತ್ತಿರ ಕರೆದುಕೊಂಡು ಹೋದ. ಕೊರೆಯುವ ಯಂತ್ರಗಳು ಸುಮ್ಮನೆ ನಿಂತಿದ್ದವು.

"ಆಜ್ಞಾ ಅವರದು, ತಮ್ಮಾ. ನನ್ನ ಕೈ ಅಷ್ಟಽ," ಎಂದಳು ಸಾವಂತ್ರಿ.

"ಹಂಗಾದ್ರ ಕೈ ತಗಿ," ಎಂದ ಅವನು.

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಬಿಟ್ಟೂ ಹೋಗಲಿಲ್ಲ. ಅವಳ ಅಳು ನಿಲ್ಲುವವರೆಗೆ ಯಂತ್ರಕ್ಕೆ ಒರಗಿ ನಿಂತಿದ್ದು, ಆಮೇಲೆ ಹೇಳಿದ: "ನಾಳೆ ಹಿಮದ ಉಗ್ರಾಣದ ಮುಂದ ಕೂಡ್ತೀವಿ. ಬರಿಗೈಲೆ. ಬೆಳಕು ಪೂರಾ ಬಿಡೂತನಕ ಏಳೂದಿಲ್ಲ."

ರಜೆ ಮುಗಿದು ಅವಳು ಅಂದು ರಾತ್ರಿಯೇ ಮೇಲೆ ಹೋಗಬೇಕಾಯಿತು; ಅಲ್ಲಿ ಕೂತ ಮೊದಲ ದಿನವೇ ಅದು ನಡೆಯಿತು. ಉಗ್ರಾಣದ ಕಾವಲಿನವರು ಹೆದರಿದರೋ, ಯಾರಾದರೂ ಹೇಳಿದರೋ, ಗುಂಡು ಹಾರಿಸಿದರು. ಮೇಲಿನಿಂದ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಕಣಿವೆ ಎಂದರೆ ಬೆರಳುಗುರಿನಷ್ಟು ಕಂದು ಗೆರೆ. ರೇಡಿಯೋದಲ್ಲಿ ಮಾತ್ರ ಹೆಸರುಗಳು ಬಂದವು, ಒಂದಾದ ಮೇಲೊಂದು. ಎಲ್ಲವೂ ಗೊತ್ತಿದ್ದ ಹೆಸರುಗಳೇ. ಸಂಜೆಗೆ ಜನ ಉಗ್ರಾಣಕ್ಕೆ ನುಗ್ಗಿ ಕಾವಲಿನವರನ್ನು ಹಿಡಿದು ಕೂಡಿಹಾಕಿದರು. ಮರುದಿನ ಮಂಡಳಿಯ ಆಜ್ಞೆ: ಕನ್ನಡಿಯನ್ನು ಕಣಿವೆಯಿಂದ ಪೂರ್ತಿ ಆಚೆ ತಿರುಗಿಸಿ.

ಅನ್ಸೆಲ್ಮ್ ಆಜ್ಞೆಯನ್ನು ಓದಿ ಹೇಳಿದ. ಸಾವಂತ್ರಿ ಹಿಡಿಯ ಮೇಲಿನ ಕೈ ತೆಗೆದಳು. ಆಮೇಲೆ ತೇಲಿಕೊಂಡು ಹಿಂದಿನ ಗೋಡೆಗೆ ಹೋಗಿ, ಭೂಮಿಯ ಆಜ್ಞೆ ನೇರವಾಗಿ ಮೋಟಾರುಗಳಿಗೆ ಮುಟ್ಟುವ ತಂತಿಗಳ ಪೆಟ್ಟಿಗೆ ತೆರೆದು, ಒಂದೊಂದನ್ನೇ ಕಿತ್ತಳು. ಉಳಿದಿಬ್ಬರು ಮುಖ ಮುಖ ನೋಡಿಕೊಂಡರು.

"ನಾನು ನಿಮ್ಮನ್ನು ತಡೆಯಬಲ್ಲೆ," ಎಂದ ಅನ್ಸೆಲ್ಮ್.

"ತಡೀರಿ."

ಅವನು ತಡೆಯಲಿಲ್ಲ. ಬಹಳ ಹೊತ್ತು ಅವಳ ಕೈಗಳನ್ನೇ ನೋಡುತ್ತಿದ್ದ. "ಇದಕ್ಕೆ ಯುದ್ಧವೆಂದು ಹೆಸರಿಡುತ್ತಾರೆ, ಸಾವಂತ್ರಿ."

"ನಿನ್ನೆ ಗುಂಡು ಹಾರಿಸಿದ್ದಕ್ಕ ಏನಂತ ಹೆಸರಿಟ್ಟಾರ?"

ಮೂವರೂ ಸಣ್ಣ ಆಕಾಶದೋಣಿ ಹತ್ತಿ ಫೋಬೋಸ್ ಎಂಬ ಉಪಗ್ರಹದ ಮೇಲಿದ್ದ ಮಂಡಳಿಯ ಠಾಣೆಗೆ ಹೊರಟುಹೋದರು. ಹೋಗುವ ಮುನ್ನ ಅನ್ಸೆಲ್ಮ್ ಒಂದು ಮಾತು ಹೇಳಿದ, ಗುರು ಶಿಷ್ಯೆಗೆ ಹೇಳುವಂತೆಯೇ: "ವ್ಯಾಯಾಮ ಬಿಡಬೇಡಿ. ಒಂಟಿಯಾಗಿರುವವರು ಮೊದಲು ಬಿಡುವುದು ಅದನ್ನೇ."

ಅವಳು ಹಾಳೆಗಳನ್ನೆಲ್ಲ ಕಣಿವೆಗೆ ತಿರುಗಿಸಿ ಪೂರ್ತಿ ಬೆಳಕು ಬಿಟ್ಟಳು. ಆ ವಾರ ಹೊಸಮಸ್ಕಿ ತನ್ನನ್ನು ತಾನು ಊರೆಂದು ಕರೆದುಕೊಂಡಿತು. ನಮ್ಮ ಹಿಮ ನಮ್ಮದು, ನಮ್ಮ ಬೀಜ ನಮ್ಮದು, ಇನ್ನು ಯಾರ ಆಜ್ಞೆಯೂ ಇಲ್ಲಿ ನಡೆಯುವುದಿಲ್ಲ ಎಂದು ಫಕೀರೇಶ ಚಾವಡಿಯಲ್ಲಿ ಓದಿದ್ದನ್ನು ಅವಳು ರೇಡಿಯೋದಲ್ಲಿ ಕೇಳಿದಳು. ಜನ ಕೂಗಿದರು, ಡೊಳ್ಳು ಬಡಿದರು. ಅವಳು ಒಬ್ಬಳೇ ಚಪ್ಪಾಳೆ ತಟ್ಟಿ, ಆ ಸದ್ದು ತನಗೇ ವಿಚಿತ್ರವಾಗಿ ಕೇಳಿಸಿ ನಿಲ್ಲಿಸಿದಳು.

ಇಳಿಯಲು ಅವಳಿಗೆ ದಾರಿಯಿರಲಿಲ್ಲ. ಏರಿ ಇಳಿಯುವ ದೋಣಿಗಳೆಲ್ಲ ಮಂಡಳಿಯ ಠಾಣೆಯಲ್ಲಿದ್ದವು. ಇದ್ದಿದ್ದರೂ ಅವಳ ಬದಲಿಗೆ ಕೂರುವವರು ಯಾರೂ ಕೆಳಗಿರಲಿಲ್ಲ. ಡಬ್ಬಿಗಳಲ್ಲಿ ಒಣ ಆಹಾರ ನಾಲ್ಕು ಜನರಿಗೆ ಸಾಲುವಷ್ಟಿತ್ತು. ಅವಳು ಒಬ್ಬಳಾದ್ದರಿಂದ ಅದು ಬಹಳ ಕಾಲ ಬಂತು. ಹುಲಿಗೆವ್ವ ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಮಾತಾಡುತ್ತಿದ್ದಳು. ಜೋಳ ಎಷ್ಟು ಎತ್ತರ ಬಂದಿದೆ, ಯಾರಿಗೆ ಹೆರಿಗೆಯಾಯಿತು, ಯಾರ ಮನೆ ಕೊಳವೆ ಒಡೆಯಿತು. ಮೊದಮೊದಲು ಸಾವಂತ್ರಿಯೂ ಏನಾದರೂ ಹೇಳುತ್ತಿದ್ದಳು. ಬರುಬರುತ್ತ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಇಲ್ಲಿ ಏನಾಗುತ್ತದೆ? ಒಂದು ಹಾಳೆ ಸೊಟ್ಟಗಾದರೆ ನೆಟ್ಟಗೆ ಮಾಡುತ್ತಾಳೆ. "ನೀನಽ ಹೇಳು, ನಾ ಕೇಳ್ತೀನಿ," ಎನ್ನುತ್ತಿದ್ದಳು. ಒಮ್ಮೊಮ್ಮೆ ಅತ್ತ ಮಾತು ಮುಗಿದ ಮೇಲೂ ರೇಡಿಯೋ ಆರಿಸದೆ, ಹುಲಿಗೆವ್ವ ಪಾತ್ರೆ ತೊಳೆಯುವ ಸದ್ದು ಕೇಳುತ್ತ ಕೂತಿರುತ್ತಿದ್ದಳು. ವ್ಯಾಯಾಮ ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಕೆಳಗೆ ಬದುಕು ಬದಲಾಗುತ್ತಿತ್ತು. ಜನ ತಮ್ಮ ಜೋಳದ ಬೀಜ ತಾವೇ ಕಟ್ಟಿಟ್ಟರು. ಔಷಧ ಬರುವುದು ನಿಂತು ಕೆಲವರು ಸುಮ್ಮನೆ ಸತ್ತರು. ಮಂಡಳಿಗೇ ಹಿಮ ಕೊಡೋಣವೆಂದವರನ್ನು ಚಾವಡಿಗೆ ಕರೆಸಿ ಬೆದರಿಸಿದರು ಎಂದು ಹುಲಿಗೆವ್ವ ದನಿ ತಗ್ಗಿಸಿ ಹೇಳಿದಳು. ಹಾಗೆ ಬೆದರಿಸಿದವರಲ್ಲಿ ಅವಳ ಗಂಡನೂ ಒಬ್ಬ.

ಆಮೇಲೆ ನೌಕೆ ಬಂತು. ಭೂಮಿಯಿಂದ ಸೈನಿಕರನ್ನು ತುಂಬಿಕೊಂಡು, ಠಾಣೆಯಲ್ಲಿ ಕೆಲವು ವಾರ ನಿಂತು ಅನ್ಸೆಲ್ಮ್‌ನನ್ನು ಹತ್ತಿಸಿಕೊಂಡು, ಕನ್ನಡಿಯ ಕಡೆಗೇ ಬರುತ್ತಿತ್ತು. ಮೊದಲು ಕನ್ನಡಿ, ಆಮೇಲೆ ಕಣಿವೆ. ಕನ್ನಡಿ ಸಿಕ್ಕಿತೆಂದರೆ ಕಣಿವೆಗೆ ಸೈನಿಕರು ಇಳಿಯುವ ಅಗತ್ಯವೂ ಇರುತ್ತಿರಲಿಲ್ಲ.

ಫಕೀರೇಶ ರೇಡಿಯೋಕ್ಕೆ ಬಂದ. "ಅಕ್ಕಾ, ಆ ನೌಕೆ ಮ್ಯಾಲೆ ಕನ್ನಡಿ ತಿರುಗಿಸಿದ್ರ ಏನಾಗ್ತದ?"

ಅವಳು ಅದನ್ನು ಆಗಲೇ ಲೆಕ್ಕ ಹಾಕಿದ್ದಳು. ನೌಕೆಯೊಳಗಿನ ಯಂತ್ರಗಳ ಬಿಸಿ ಹೊರಗೆ ಹೋಗುವುದು ಬೆನ್ನ ಮೇಲಿನ ಅಗಲವಾದ ರೆಕ್ಕೆಗಳ ಮೂಲಕ. ಆ ರೆಕ್ಕೆಗಳ ಮೇಲೇ ಬೆಳಕು ಸುರಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಒಳಗೇ ಕೂಡಿಕೊಳ್ಳುತ್ತದೆ. ಮುಚ್ಚಿದ ಪಾತ್ರೆಯ ಕೆಳಗೆ ಉರಿ ಇಟ್ಟಂತೆ.

"ಒಳಗಿದ್ದವರು ಬೇಯ್ತಾರ," ಎಂದಳು. "ಆದರ ಕನ್ನಡಿ ಅತ್ತ ತಿರುಗಿದ್ರ ನಿಮಗ ಬೆಳಕಿಲ್ಲ. ಎಷ್ಟು ದಿನ ಅಂತ ಹೇಳಾಕ ಆಗೂದಿಲ್ಲ."

"ಊರೆಲ್ಲ ಕೂತು ಮಾತಾಡೀವಿ. ಜೋಳದ ಸಸಿ ಕಿತ್ತು ಮನಿಯೊಳಗ ತಂದು ಕಂಬಳಿ ಹೊಚ್ಚೀವಿ. ಮುದುಕರು, ಕೂಸುಗಳು ಎಲ್ಲಾರೂ ಒಂದಽ ಸುರಂಗದಾಗ ಕೂಡ್ತೀವಿ. ಈ ಸಲ ಕತ್ತಲಿ ನಾವಽ ಕೇಳಿ ತಗೊಂಡಿದ್ದು, ಅಕ್ಕಾ."

ಅವಳು ಹಾಳೆಗಳನ್ನು ತಿರುಗಿಸಿದಳು. ಕಂದು ಗೆರೆ ಪರದೆಯ ಮೇಲೆ ಕಪ್ಪಾಯಿತು. ದೂರದ ನೌಕೆ, ಅಲ್ಲಿಯವರೆಗೆ ಕಾಣದಿದ್ದದ್ದು, ಬಿಳಿ ಚುಕ್ಕೆಯಾಗಿ ಹೊಳೆಯತೊಡಗಿತು.

"ಸಾವಂತ್ರಿ," ಎಂದಿತು ರೇಡಿಯೋ. ಅನ್ಸೆಲ್ಮ್. "ನಾನು ಈ ನೌಕೆಯಲ್ಲಿದ್ದೇನೆ. ನೀವು ಮಾಡುತ್ತಿರುವುದು ನಮಗೆ ಕಾಣುತ್ತಿದೆ."

"ಹಿಂದಕ್ಕ ಹೋಗ್ರಿ, ಸರ್."

"ಆ ನಿರ್ಧಾರ ನನ್ನ ಕೈಯಲ್ಲಿಲ್ಲ. ಕ್ಯಾಪ್ಟನ್ ಒಪ್ಪುವುದಿಲ್ಲ."

"ಒಪ್ಪಿಸ್ರಿ."

ಎರಡು ದಿನ ಹಾಗೇ ನಡೆಯಿತು. ಅವಳು ಹಿಡಿ ಬಿಡದೆ ಕೂತಿದ್ದಳು. ನೌಕೆ ಸರಿದಂತೆ ಹಾಳೆಗಳನ್ನೂ ಸರಿಸಬೇಕಿತ್ತು. ಕೆಳಗಿನಿಂದ ಹುಲಿಗೆವ್ವ ಮಾತಾಡುತ್ತಿದ್ದಳು, ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ಎಲ್ಲರೂ ಒತ್ತಾಗಿ ಕೂತಿದ್ದೇವೆ, ಹಾಡು ಹೇಳುತ್ತಿದ್ದೇವೆ ಎಂದಳು. ಮೂರನೆಯ ದಿನ ಹಾಡಿನ ಮಾತು ಬರಲಿಲ್ಲ. ಒಂದು ಕೂಸು ಹೋಯಿತು ಎಂದಷ್ಟೇ ಹೇಳಿ ರೇಡಿಯೋ ಆರಿಸಿದಳು.

ನೌಕೆ ವೇಗ ತಗ್ಗಿಸತೊಡಗಿತು. ಅಂದರೆ ಬಂದು ನಿಲ್ಲುವ ತಯಾರಿ. ಆಗ ಮತ್ತೆ ಅನ್ಸೆಲ್ಮ್‌ನ ದನಿ, ಈ ಸಲ ಬಿರುಕು ಬಿಟ್ಟು, ಗೊರಗೊರ ಸದ್ದಿನ ನಡುವೆ: "ಮುಂಭಾಗದ ಕೋಣೆಯ ಬಾಗಿಲು ಬಿಸಿಗೆ ಸಿಕ್ಕಿಹಾಕಿಕೊಂಡಿದೆ. ಒಳಗೆ ಜನರಿದ್ದಾರೆ. ಕನ್ನಡಿಯ ಕೆಲಸ ಕಲಿತ ಹುಡುಗರು, ನಾನೇ ಠಾಣೆಯಲ್ಲಿ ಕಲಿಸಿದವರು. ಬೆಳಕನ್ನು ಸ್ವಲ್ಪ ಹೊತ್ತು ಆಚೆ ತಿರುಗಿಸಿ. ಬಾಗಿಲು ತೆರೆಯುವಷ್ಟು ಹೊತ್ತು. ಕೇಳಿಸುತ್ತಿದೆಯೇ?"

ಅವಳಿಗೆ ಕೇಳಿಸಿತು. ಒಂದೊಂದು ಪದವೂ ಕೇಳಿಸಿತು. ಬೆಳಕು ಆಚೆ ಹೋದರೆ ರೆಕ್ಕೆಗಳು ತಣ್ಣಗಾಗುತ್ತವೆ. ತಣ್ಣಗಾದರೆ ನೌಕೆ ವೇಗ ತಗ್ಗಿಸಿ ಮುಗಿಸುತ್ತದೆ, ಇಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಕಣಿವೆಯ ಕತ್ತಲಿಗೆ ಕೊನೆಯಿಲ್ಲ. ಅವಳು ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಇನ್ನೊಂದು ಕೈಯಿಂದ ಹಾಳೆಗಳನ್ನು ಇನ್ನಷ್ಟು ಹತ್ತಿರಕ್ಕೆ ಸೇರಿಸಿದಳು.

"ಸಾವಂತ್ರಿ, ಕೇಳಿಸುತ್ತಿದೆಯೇ?" ಎಂದು ಅವನು ಮತ್ತೆ ಕೇಳಿದ. ಮತ್ತೆ ಕೇಳಿದ.

ಸ್ವಲ್ಪ ಹೊತ್ತಿಗೆ ನೌಕೆಯ ಎಂಜಿನ್ ನಿಂತಿತು. ವೇಗ ತಗ್ಗಿಸಲಾಗದೆ ಅದು ಕನ್ನಡಿಯನ್ನು ದಾಟಿ ಶೂನ್ಯಕ್ಕೆ ಜಾರಿಹೋಯಿತು. ಅದಕ್ಕೂ ಮೊದಲೇ ಜನ ತಪ್ಪಿಸಿಕೊಳ್ಳುವ ಪಾರುದೋಣಿಗಳು ಅದರಿಂದ ಉದುರಿದ್ದವು. ಅವು ಕಣಿವೆಗೆ ಇಳಿದವು. ಸೈನಿಕರು ಕೈ ಮೇಲೆತ್ತಿ ಹೊರಗೆ ಬಂದಾಗ ಜನ ಅವರನ್ನು ಹೊಡೆಯಲಿಲ್ಲ; ಹೊಡೆಯುವಷ್ಟು ಶಕ್ತಿ ಯಾರಲ್ಲೂ ಇರಲಿಲ್ಲ. ಅದೇ ಸುರಂಗದಲ್ಲಿ ಅವರನ್ನೂ ಕೂರಿಸಿಕೊಂಡರು. ಸಾವಂತ್ರಿ ಆಗಲೇ ಕನ್ನಡಿಯನ್ನು ಕೆಳಕ್ಕೆ ತಿರುಗಿಸಿದ್ದಳು. ಮುಂಭಾಗದ ಕೋಣೆಯಿಂದ ಹೊರಬರಲಾಗದೆ ಸತ್ತವರು ಮೂವತ್ತೊಂದು ಜನ.

ಯುದ್ಧ ಅಲ್ಲಿಗೇ ಮುಗಿಯಲಿಲ್ಲ. ಬೇರೆ ಕಣಿವೆಗಳೂ ಎದ್ದವು, ಬೇರೆ ನೌಕೆಗಳೂ ಬಂದವು. ಆದರೆ ಹೊಸಮಸ್ಕಿಯ ಹತ್ತಿರ ಮತ್ತೆ ಯಾವುದೂ ಸುಳಿಯಲಿಲ್ಲ. ಕೊನೆಗೆ ಹಿಮವಿಲ್ಲದೆ ಮಂಡಳಿಗೆ ಸಾಕಾಗಿ ಒಪ್ಪಂದಕ್ಕೆ ಬಂತು. ಕಣಿವೆಗಳು ಸ್ವತಂತ್ರ. ಹಿಮವನ್ನು ಇನ್ನು ಮಾತಾಡಿಕೊಂಡು ಕೊಡುವುದು, ಕೊಳ್ಳುವುದು. ಫಕೀರೇಶ ಹೊಸ ಸರ್ಕಾರದಲ್ಲಿ ದೊಡ್ಡವನಾದ. ಮೂವತ್ತೊಂದು ಜನರ ಮಾತು ಬಂದಾಗಲೆಲ್ಲ ಅವನು ಒಂದೇ ಉತ್ತರ ಹೇಳುತ್ತಿದ್ದ: ಆ ಹೊತ್ತಿಗೆ ಬಿಸಿಗೆ ನೌಕೆಯ ರೇಡಿಯೋ ಕೆಟ್ಟಿತ್ತು, ನಮ್ಮಕ್ಕನಿಗೆ ಏನೂ ಕೇಳಿಸಲಿಲ್ಲ. ಅವನು ಅವಳನ್ನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಊರವರು ಅವಳನ್ನು ಇಳಿಸಿಕೊಂಡು ಬರಲು ವೈದ್ಯೆಯೊಬ್ಬಳನ್ನು ಕಳಿಸಿದರು. ವೈದ್ಯೆ ಎದೆಗೆ ಯಂತ್ರ ಹಚ್ಚಿ ನೋಡಿ, ಎರಡನೆಯ ಸಲವೂ ನೋಡಿ, "ಈ ಹೃದಯ ಇನ್ನ ಕೆಳಗಿನ ಭಾರ ತಡಿಯೂದಿಲ್ಲವ್ವಾ," ಎಂದಳು. ಸಾವಂತ್ರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಇಲ್ಲೇ ಇರುತ್ತೇನೆ, ಕೆಲಸವೂ ಇದೆ ಎಂದಳು. ವೈದ್ಯೆ ಇಳಿದು ಹೋದಳು.

ಸೆರೆಯಾದವರನ್ನು ಭೂಮಿಗೆ ಕಳಿಸುವ ನೌಕೆ ಹೊರಟಾಗ, ಅವರಲ್ಲೊಬ್ಬನಾಗಿದ್ದ ಅನ್ಸೆಲ್ಮ್ ಒಂದು ಬೇಡಿಕೆಯಿಟ್ಟನಂತೆ: ದಾರಿಯಲ್ಲಿ ಕನ್ನಡಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಪ್ಪಿದರು. ಅವನು ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತು ಪಟ್ಟಿ ಕಟ್ಟಿಕೊಂಡ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗೈಯ ಮೇಲೆ ಸುಟ್ಟ ಕಲೆ, ಬಾಗಿಲು ಎಳೆದ ಕೈ.

"ಕೆಳಗೆ ನಿಮ್ಮವರು ನನ್ನನ್ನು ಚೆನ್ನಾಗಿ ನೋಡಿಕೊಂಡರು," ಎಂದ. "ಹುಲಿಗೆವ್ವ ರೊಟ್ಟಿ ತಟ್ಟುವುದನ್ನು ಕಲಿಸಿದಳು. ನನ್ನದು ದುಂಡಗೆ ಬರುವುದಿಲ್ಲ."

"ನನ್ನವೂ ಬರ್ತಿರಲಿಲ್ಲ," ಎಂದಳು ಸಾವಂತ್ರಿ. ಬಹಳ ದಿನಗಳ ಮೇಲೆ ಎದುರಿಗೆ ಒಬ್ಬ ಮನುಷ್ಯನಿದ್ದ. ಎಲ್ಲಿ ನೋಡಬೇಕೆಂದು ತಿಳಿಯದೆ ಅವನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

ಇಬ್ಬರೂ ಸ್ವಲ್ಪ ಹೊತ್ತು ಹಾಳೆಗಳ ಬಗ್ಗೆ ಮಾತಾಡಿದರು. ಯಾವ ಸಾಲು ಹಳತಾಗಿದೆ, ಯಾವ ಮೋಟಾರು ಸದ್ದು ಮಾಡುತ್ತದೆ. ಅದು ಮುಗಿಯಿತು.

"ಭೂಮಿಯಲ್ಲಿ ನನ್ನನ್ನು ವಿಚಾರಣೆಗೆ ಕರೆಯುತ್ತಾರೆ," ಎಂದ ಅನ್ಸೆಲ್ಮ್. "ಆ ಹುಡುಗರ ಮನೆಯವರು ಅಲ್ಲಿರುತ್ತಾರೆ. ನನ್ನ ಮಾತು ನಿಮ್ಮನ್ನು ಮುಟ್ಟಿತೇ ಎಂದು ಕೇಳುತ್ತಾರೆ. ನಿಮ್ಮ ತಮ್ಮ ಮುಟ್ಟಲಿಲ್ಲ ಎನ್ನುತ್ತಾನೆ. ನಾನೂ ಹಾಗೆಯೇ ಹೇಳಿದರೆ ಎರಡು ಕಡೆಯವರಿಗೂ ಅದು ಸಾಕು. ಒಪ್ಪಂದಕ್ಕೂ ಒಳ್ಳೆಯದು. ಹೇಳುವುದಕ್ಕೆ ನನಗೆ ಕಷ್ಟವಿಲ್ಲ." ಅವನು ಅವಳ ಮುಖ ನೋಡಿದ. "ಆದರೆ ನನಗೆ ತಿಳಿದಿರಬೇಕು."

ಸಾವಂತ್ರಿ ಪರದೆಯ ಕಡೆ ತಿರುಗಿದಳು. ಕೆಳಗೆ ಕಣಿವೆಯಲ್ಲಿ ಆಗ ಮಧ್ಯಾಹ್ನ. ಕಂದು ಗೆರೆಯ ಮೇಲೆ ಗಾಜಿನ ಮನೆಗಳು ಒಂದು ಚುಕ್ಕೆಯಾಗಿ ಮಿನುಗುತ್ತಿದ್ದವು.

"ಅವರ ಹೆಸರು ನಿಮಗ ಗೊತ್ತೇನು, ಸರ್? ಆ ಹುಡುಗರವು?"

"ಎಲ್ಲವೂ ಗೊತ್ತು."

"ಹೇಳ್ರಿ."

ಅವನು ಹೇಳಿದ. ಒಂದಾದ ಮೇಲೊಂದು, ನಿಧಾನವಾಗಿ, ಯಾರು ಯಾವ ಊರಿನವರು, ಯಾರಿಗೆ ಪಾಠ ಬೇಗ ಹತ್ತುತ್ತಿತ್ತು, ಯಾರಿಗೆ ಹತ್ತುತ್ತಿರಲಿಲ್ಲ. ಅವಳು ಕೊನೆಯ ಹೆಸರಿನವರೆಗೂ ಕೇಳಿದಳು.

"ಕೇಳಿಸಿತ್ತು ಅಂತ ಹೇಳ್ರಿ," ಎಂದಳು.

ಅನ್ಸೆಲ್ಮ್ ತಲೆಯಾಡಿಸಿದ. ಹೌದು ಎಂದೋ, ಬೇಡ ಎಂದೋ ತಿಳಿಯಲಿಲ್ಲ. ಆಮೇಲೆ ಪಟ್ಟಿ ಬಿಚ್ಚಿ, ಶಿರಸ್ತ್ರಾಣ ಹಾಕಿಕೊಂಡು, ಬಾಗಿಲ ಕಡೆ ತೇಲಿದ. ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಅವನ ದೋಣಿ ಕಳಚಿಕೊಂಡ ಸಣ್ಣ ನಡುಕ ಗೋಡೆಯಲ್ಲಿ ಹರಿದು ನಿಂತಿತು.

ಎದುರಿನ ಕುರ್ಚಿಯ ಪಟ್ಟಿಗಳು ಬಿಚ್ಚಿಕೊಂಡಂತೆಯೇ ಗಾಳಿಯಲ್ಲಿ ಏಳುತ್ತ ಬೀಳುತ್ತ ತೇಲುತ್ತಿದ್ದವು. ಅವನ್ನು ಮಡಿಸಿ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಸಾವಂತ್ರಿ ಅವನ್ನು ಹಾಗೇ ಬಿಟ್ಟಳು.